ಅಪ್ಪನ ಬಾಚಿ, ಹಸಿ ಬೇವು

ಕಳೆದ ತಿಂಗಳು ಇದೇ ಅಂಕಣದಲ್ಲಿ ಮಕ್ಕಳ ಬೇಸಿಗೆ ರಜೆಯ ಬಗ್ಗೆ ಬರೆದಿದ್ದೆ. ಓದಿದವರಲ್ಲಿ ಇಬ್ಬರು ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ತಡೆದು, "ಊರಿಗೆಲ್ಲ ಹೇಳಿದ್ರಲ್ಲ, ನಿಮ್ಮ ಮಗ ರಜೆಯಲ್ಲಿ ಏನು ಮಾಡಿದ?" ಎಂದು ಕೇಳಿಯೇಬಿಟ್ಟರು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದರೆ ನಂಗವಳ್ಳಿಯ ಮೂರು ದಿನಗಳ ಕಥೆ ಹೇಳಬೇಕು. ಅದನ್ನು ಹೇಳಬೇಕಾದರೆ ನಮ್ಮ ಅಪ್ಪನ ಬಗ್ಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಎರಡನೆಯದು ಕಷ್ಟ. ಆದ್ದರಿಂದ ಮೊದಲನೆಯದರಿಂದ ಶುರು ಮಾಡುತ್ತೇನೆ.

ನನ್ನ ಷಡ್ಡಕ ಇರುವುದು ಮೆಟ್ಟೂರಿನಲ್ಲಿ. ಅಲ್ಲಿಗೆ ಹತ್ತಿರದ ಒಂದು ಧರ್ಮಕೇಂದ್ರದವರು ಮೇ ತಿಂಗಳ ಮೊದಲ ವಾರ, ಕಾರ್ಮಿಕ ಸಂತ ಜೋಸೆಫರ ಹಬ್ಬದ ಆಸುಪಾಸಿನಲ್ಲಿ, ಹುಡುಗರಿಗೂ ತಂದೆಯರಿಗೂ ಸೇರಿಸಿ ಮೂರು ದಿನ ಮರಗೆಲಸ ಕಲಿಸುತ್ತಾರೆ, ಬನ್ನಿ ಎಂದು ಫೋನು ಮಾಡಿದರು. ಜಾಗ ನಂಗವಳ್ಳಿಯ ಹೊರಗೆ ಒಂದು ಮಾವಿನ ತೋಪು. ಮಗ ಪಿಯುಸಿ ಮುಗಿಸಿ, ಫಲಿತಾಂಶ ನಿರೀಕ್ಷೆಗಿಂತ ಕಡಿಮೆ ಬಂದ ಮೇಲೆ ಮನೆಯಲ್ಲಿ ಮಾತನ್ನೇ ಬಿಟ್ಟಿದ್ದ. ಎಲ್ಲಿಗಾದರೂ ಹೋಗೋಣ ಎಂದರೆ ಸಾಕು ಎನ್ನುವ ಸ್ಥಿತಿ ನನ್ನದು. ಹೊರಡುವ ಹಿಂದಿನ ರಾತ್ರಿ ಅಟ್ಟದ ಮೇಲಿನ ಟ್ರಂಕು ತೆಗೆದು ಅಪ್ಪನ ಬಾಚಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡೆ. ಹಿಡಿ ಗೆದ್ದಲು ತಿಂದು ಹೋಗಿತ್ತು. ಕಬ್ಬಿಣ ಮಾತ್ರ ಉಳಿದಿತ್ತು.

ಕೊಳ್ಳೇಗಾಲದಿಂದ ಮಾದೇಶ್ವರ ಬೆಟ್ಟ ಹತ್ತಿ ಇಳಿದು, ಪಾಲಾರ್ ದಾಟಿ, ಕೊಳತ್ತೂರಿನ ಮೇಲೆ ಮೆಟ್ಟೂರಿಗೆ ಹೋಗುವ ದಾರಿ ನಮ್ಮ ಕಡೆಯವರಿಗೆ ಗೊತ್ತಿರುವುದೇ. ದಾರಿಯುದ್ದಕ್ಕೂ ಕನ್ನಡ ತಮಿಳು ಒಂದರೊಳಗೊಂದು ಬೆರೆತು ಹೋಗುತ್ತವೆ. ಬಸ್ಸಿನಲ್ಲಿ ಒಂದೇ ಅಜ್ಜಿ ಕಂಡಕ್ಟರನ ಹತ್ತಿರ ತಮಿಳು, ಮೊಮ್ಮಗನ ಹತ್ತಿರ ಕನ್ನಡ ಆಡುತ್ತಿದ್ದಳು. ಕಾವೇರಿಗೆ ಅಡ್ಡವಾಗಿ 1925ರಿಂದ 1934ರವರೆಗೆ ಕಟ್ಟಿದ ಮೆಟ್ಟೂರು ಅಣೆಕಟ್ಟಿನ ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ನೀರು ತೀರಾ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಹತ್ತಿರ ಹಳೆಯ ಚರ್ಚಿನ ಗೋಪುರವೂ ಶಿವಾಲಯದ ದೊಡ್ಡ ನಂದಿಯೂ ಮೇಲೆ ಬರುತ್ತವೆ. ನಾವು ಹೋದಾಗ ನೀರಿತ್ತು, ಗೋಪುರ ಕಾಣಲಿಲ್ಲ. ಮಗ ಕಿಟಕಿಯಿಂದ ನೋಡುತ್ತಲೇ ಇದ್ದ, ಕೇಳಲಿಲ್ಲ. ನಾನೂ ಹೇಳಲಿಲ್ಲ.

ತೋಪಿನಲ್ಲಿ ನಮಗೆ ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಆಚಾರಿ. ವಿಶ್ವಕರ್ಮರು, ನಮ್ಮ ಮತದವರಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಹುಡುಗರನ್ನೆಲ್ಲ "ಕಣ್ಣು" ಎಂದು ಕರೆಯುತ್ತಿದ್ದರು. ನಮ್ಮನ್ನು, ಅಂದರೆ ಕನ್ನಡಕ ಹಾಕಿದ ತಂದೆಯರನ್ನು, "ಸಾರ್" ಎನ್ನುತ್ತಿದ್ದರು. ಆ 'ಸಾರ್'ನಲ್ಲಿ ಗೌರವ ಎಷ್ಟು, ನಗು ಎಷ್ಟು ಎಂದು ಕೊನೆಯವರೆಗೂ ತಿಳಿಯಲಿಲ್ಲ.

ಮೊದಲ ಬೆಳಿಗ್ಗೆ ನಮ್ಮ ಮುಂದೆ ಬಿದ್ದಿದ್ದು ಒಂದು ಬೇವಿನ ಕೊಂಬೆ. ಕರೆಂಟು ತಂತಿಗೆ ತಾಗುತ್ತದೆಂದು ಹಿಂದಿನ ದಿನ ಕಡಿದು ಹಾಕಿದ್ದು. ತೊಗಟೆ ಸುಲಿದರೆ ಕೈಗೆ ನೀರು ಹತ್ತುತ್ತಿತ್ತು. ಗುಂಪಿನಲ್ಲಿದ್ದ ಒಬ್ಬ ಮಾಸ್ತರರು, "ಆಚಾರ್ರೇ, ಮರ ಒಣಗಿಸದೆ ಕೆಲಸ ಮಾಡಬಾರದು ಅಂತಾರಲ್ಲ?" ಎಂದರು. "ಬಾಗಿಲಿಗೆ ಬಾರದು ಸಾರ್, ಸೌಟಿಗೆ ಬರುತ್ತೆ. ಒಣಗಿದ ಹುಣಸೆಗೆ ಒಂದು ಏಟು ಹಾಕಿ ನೋಡಿ, ಆಮೇಲೆ ಇದಕ್ಕೆ ಹಾಕಿ" ಎಂದರು ಆಚಾರಿ. ಹಾಕಿ ನೋಡಿದೆವು. ಒಣ ಹುಣಸೆಯ ಮೇಲೆ ಕೊಡಲಿ ಪುಟಿದು ಬಂತು. ಕಸಾಯಿ ಅಂಗಡಿಯವರು ಮಾಂಸ ಕೊಚ್ಚಲು ಹುಣಸೆಯ ಕೊರಡನ್ನೇ ಏಕೆ ಇಟ್ಟುಕೊಳ್ಳುತ್ತಾರೆ ಎಂದು ಆಗ ಅರ್ಥವಾಯಿತು. ಹಸಿ ಬೇವು ಬಾಳೆಕಾಯಿ ಹೆಚ್ಚಿದ ಹಾಗೆ ಕುಯ್ಯಿಸಿಕೊಂಡಿತು.

ಹೀಗೆ ಕಡಿದ ಕೂಡಲೇ ಹಸಿಯಾಗಿರುವಾಗಲೇ ಮರವನ್ನು ಕೆತ್ತುವುದು ಹೊಸ ವಿದ್ಯೆಯೇನೂ ಅಲ್ಲ. ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಬಡಗಿಗಳು ಕಾಡಿನೊಳಗೇ ಬಿಡಾರ ಹೂಡಿ, ಹಸಿ ಬೀಚ್ ಮರದಿಂದ ಕುರ್ಚಿಯ ಕಾಲುಗಳನ್ನು ಕಡೆದು ಹೈ ವಿಕಂಬ್ ಪಟ್ಟಣದ ಕಾರ್ಖಾನೆಗಳಿಗೆ ಮಾರುತ್ತಿದ್ದರು. ಸ್ವೀಡನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಮರಗೆಲಸವನ್ನು ಶಾಲೆಯ ಪಾಠವಾಗಿ ತಂದರು; ಚಾಕುವಿನಿಂದ ಚಮಚ ಕೆತ್ತುವುದು ಆ ನಾಡಿನಲ್ಲಿ ಇಂದಿಗೂ ಮನೆಮಾತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಧರ್ಮಪುರಿ ಜಿಲ್ಲೆಯ ಹೊಗೇನಕಲ್‌ನಲ್ಲಿ ಹರಿಗೋಲು ಕಟ್ಟುವವರನ್ನು ನೋಡಿ. ಬಿದಿರು ಒಣಗಿ ಗಟ್ಟಿಯಾದ ಮೇಲೆ ಬಾಗುವುದಿಲ್ಲ, ಮುರಿಯುತ್ತದೆ. ಹಸಿ ಇರುವಾಗಲೇ ಸೀಳಿ, ಬಾಗಿಸಿ, ಬುಟ್ಟಿಯಂತೆ ಹೆಣೆಯುತ್ತಾರೆ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ. ಚನ್ನಪಟ್ಟಣದ ಬೊಂಬೆಯವರದು ಮಾತ್ರ ಇದಕ್ಕೆ ತಿರುವು ದಾರಿ: ಹಾಲು ಸುರಿಸುವ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕಡೆಯುತ್ತಾರೆ, ಏಕೆಂದರೆ ಅರಗಿನ ಬಣ್ಣ ಒಣ ಮರದ ಮೇಲೆ ಮಾತ್ರ ಕೂರುತ್ತದೆ. ಯಾವುದಕ್ಕೆ ಹಸಿ, ಯಾವುದಕ್ಕೆ ಒಣ ಎಂದು ತಿಳಿಯುವುದೇ ಅರ್ಧ ಕಸುಬು.

ಮೊದಲ ದಿನ ನಮಗೆ ಕೊಟ್ಟ ಕೆಲಸ ಮುದ್ದೆ ಕೋಲು. ಆ ಕಡೆಯೂ ರಾಗಿ ಉಣ್ಣುವ ಸೀಮೆ. ಅವರು ಕಳಿ ಎನ್ನುತ್ತಾರೆ. ಕೋಲು ಎಂದರೆ ಸುಲಭ ಎಂದುಕೊಂಡಿದ್ದೆ. ಒಂದೂವರೆ ಮೊಳದ ತುಂಡನ್ನು ಗರಗಸದಿಂದ ಉದ್ದಕ್ಕೆ ಸೀಳಲು ಹೊರಟ ನನ್ನನ್ನು ಆಚಾರಿ ತಡೆದರು. ತುದಿಯಲ್ಲಿ ಬೆಣೆ ಇಟ್ಟು ಕೊಡತಿಯಿಂದ ಎರಡು ಏಟು ಹಾಕಿಸಿದರು. ಮರ 'ಚಟ್' ಎಂದು ತನ್ನ ನಾರಿನ ಜಾಡು ಹಿಡಿದು ತಾನೇ ಸೀಳಿಕೊಂಡಿತು. ಗರಗಸ ನಾರನ್ನು ಅಡ್ಡ ಕೊಯ್ಯುತ್ತಾ ಹೋಗುತ್ತದೆ. ಬೆಣೆ ನಾರಿನ ಪಕ್ಕದಲ್ಲೇ ನಡೆಯುತ್ತದೆ. ಸೀಳಿದ ಕೋಲು ಮುರಿಯುವುದಿಲ್ಲ, ಕೊಯ್ದ ಕೋಲು ಗಟ್ಟಿ ಮುದ್ದೆ ತಿರುವುವಾಗ ಒಂದು ದಿನ ಕೈ ಕೊಡುತ್ತದೆ. ನಡುವಿನ ತಿರುಳನ್ನು ಪೂರ್ತಿ ತೆಗೆದು ಹಾಕಿಸಿದರು. ತಿರುಳು ಒಳಗೆ ಉಳಿದರೆ ಒಣಗುವಾಗ ಬಿರುಕು ಖಂಡಿತ ಎಂದರು.

ಏಕೆ ಎನ್ನುವುದನ್ನು ಮಧ್ಯಾಹ್ನ ಆ ಮಾಸ್ತರರು ಹುಡುಗರಿಗೆ ಚೆನ್ನಾಗಿ ಬಿಡಿಸಿ ಹೇಳಿದರು, ಇಲ್ಲೂ ಹೇಳುತ್ತೇನೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಜೀವಕೋಶದ ಒಳಗಿನ ಟೊಳ್ಳಿನಲ್ಲಿ. ಇನ್ನೊಂದು, ಅದರ ಗೋಡೆಯೊಳಗೆ ನೆಂದುಕೊಂಡು. ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಒಣ ಮರದ ತೂಕ ನೂರು ಎಂದಿಟ್ಟುಕೊಂಡರೆ, ಉಳಿದ ನೀರು ಮೂವತ್ತರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರು ಬಿಡಲು ಶುರುವಾಗುತ್ತದೆ, ಕುಗ್ಗುವುದು ಆಗಿನಿಂದ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ವರ್ಷದ ಬಳೆಗಳ ಸುತ್ತಿನಲ್ಲಿ ಕುಗ್ಗುವುದು ಹೊರಗಿನಿಂದ ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಎಳೆದಾಟ ತಾಳಲಾರದೆ ದುಂಡು ಮರ ತಿರುಳಿನಿಂದ ಹೊರಕ್ಕೆ ಬಾಯಿ ಬಿಡುತ್ತದೆ. ಅರ್ಧ ಸೀಳಿಬಿಟ್ಟರೆ ಎಳೆದಾಟಕ್ಕೆ ದಾರಿ ಸಿಕ್ಕಿತು. ಇನ್ನು ತುದಿಗಳಿಂದ ನೀರು ಬೇಗ ಆರುವುದರಿಂದ ದಿಮ್ಮಿಯ ಎರಡೂ ತುದಿಗೆ ಸಗಣಿ ಮೆತ್ತುವುದು ನಮ್ಮ ಹಳ್ಳಿಯ ಪದ್ಧತಿ. ನಮ್ಮಪ್ಪನೂ ಮೆತ್ತುತ್ತಿದ್ದರು. ನನಗೆ ಅದು ಗಲೀಜು ಎನಿಸುತ್ತಿತ್ತು.

ಅಪ್ಪನ ಮಾತು ಬಂತು, ಹೇಳಿಬಿಡುತ್ತೇನೆ.

ನಮ್ಮಪ್ಪ ಬಡಗಿ. ನಮ್ಮ ಹಳೆಯ ಚರ್ಚಿನ ಬೆಂಚುಗಳು, ಪಾಪನಿವೇದನೆಯ ಪೀಠದ ಜಾಲರಿ, ಗೋದಲಿಯ ಕೊಟ್ಟಿಗೆ ಅವರ ಕೈಕೆಲಸ. ನಾನು ಅವರ ಉಳಿ ಮುಟ್ಟಿದರೆ ಗದರುತ್ತಿದ್ದರು, "ನೀನು ಪೆನ್ನು ಹಿಡಿ, ಇದು ನನ್ನ ಜೊತೆಗೆ ಮುಗೀಲಿ." ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಯಜಮಾನರು ಏನು ಕೆಲಸದಲ್ಲಿದ್ದಾರೆ ಎಂದು ಕೇಳಿದ್ದಕ್ಕೆ ಅವ್ವ, "ಕಂಟ್ರಾಕ್ಟು ಮಾಡಿಸ್ತಾರೆ" ಎಂದಳು. ಅಪ್ಪ ಒಳಗಿನ ಕೋಣೆಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದರು, ಕೇಳಿಸಿರಲೇಬೇಕು. ಹೊರಗೆ ಬಂದು ನಗುತ್ತಾ ಕುಳಿತರು. ಅದಾದ ಎರಡು ವರ್ಷಕ್ಕೆ ಕಾಲೇಜಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಜಾಗದಲ್ಲಿ ನಾನೂ 'ಕಂಟ್ರಾಕ್ಟರ್' ಎಂದು ಬರೆದೆ. ಸಹಿ ಹಾಕಲು ಅವರ ಮುಂದೆ ಹಿಡಿದೆ. ಓದಿದರು, ಸಹಿ ಹಾಕಿದರು. ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು, ಆ ಅರ್ಜಿಯ ವಿಷಯ ನಾವಿಬ್ಬರೂ ಎಂದೂ ಎತ್ತಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯೇ? ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬ ಆಚರಿಸುತ್ತೇವೆ. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1955ರಲ್ಲಿ ಅದನ್ನು ಸ್ಥಾಪಿಸಿದರು. 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಜಗದ್ಗುರು ಫ್ರಾನ್ಸಿಸರು ಸಂತ ಜೋಸೆಫರ ವರ್ಷವೆಂದೇ ಸಾರಿದರು. ಗಂಡುಮಕ್ಕಳಿಗೆ ಜೋಸೆಫ್ ಎಂದು ಹೆಸರಿಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಬಡಗಿ ಹುಡುಗನಿಗೆ ಹೆಣ್ಣು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ಅವನ ದುಡಿಮೆ ಗುಮಾಸ್ತನಿಗಿಂತ ಹೆಚ್ಚಿದ್ದರೂ ಸರಿಯೇ. ನಜರೇತಿನ ಜನ ಮಾಡಿದ್ದೂ ಇದನ್ನೇ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ತೆಗೆದು ನೋಡಿ: ಯೇಸುವಿನ ಬೋಧನೆ ಕೇಳಿ ಬೆರಗಾದ ಊರಿನವರು ಮರುಗಳಿಗೆಯಲ್ಲೇ ಅವರನ್ನು ಬಡಗಿಯೆಂದು ಹೇಳಿ ತಳ್ಳಿಹಾಕುತ್ತಾರೆ. ಗ್ರೀಕ್ ಮೂಲದ 'ಟೆಕ್ತೋನ್' ಎಂಬ ಮಾತಿಗೆ ಮರ, ಕಲ್ಲು ಎರಡರಲ್ಲೂ ಕೆಲಸ ಮಾಡುವವನು ಎಂಬ ಅರ್ಥವೂ ಇದೆಯೆಂದು ಬಲ್ಲವರು ಹೇಳುತ್ತಾರೆ. ಎರಡನೆಯ ಶತಮಾನದ ಸಂತ ಜಸ್ಟಿನರಂತೂ ಯೇಸು ನೇಗಿಲು, ನೊಗ ಮಾಡುತ್ತಿದ್ದರೆಂದು ಬರೆದಿಟ್ಟಿದ್ದಾರೆ. ನೊಗ ಮಾಡುವವನಿಗೆ ಎತ್ತಿನ ಹೆಗಲಿನ ಅಳತೆ ಗೊತ್ತಿರಬೇಕು. ತಮ್ಮ ನೊಗ ಹಗುರ ಎಂದು ಪ್ರಭು ಹೇಳಿದ್ದು ಕೇಳಿದಾಗಲೆಲ್ಲ ನನಗೆ ಈಗ ಚಕ್ಕೆಗಳ ವಾಸನೆ ಬರುತ್ತದೆ.

ಮತ್ತೆ ತೋಪಿಗೆ. ಎರಡನೆಯ ದಿನ ಸೌಟು. ಅದಕ್ಕೆ ಮೊದಲು ಗೋಣಿಚೀಲ ಬಿಚ್ಚಿ ಅಪ್ಪನ ಬಾಚಿಯನ್ನು ಆಚಾರಿಯ ಮುಂದಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು, ಉಗುರಿನ ಮೇಲೆ ಬಾಯಿ ಇಟ್ಟು ಪರೀಕ್ಷಿಸಿದರು. "ಯಾರದು?" ಎಂದರು. "ನಮ್ಮ ತಂದೆಯವರದು. ಅವರು..." ಎಂದು ಒಂದು ಗಳಿಗೆ ನಿಂತೆ. ಮಗ ಪಕ್ಕದಲ್ಲೇ ಇದ್ದ. "ಅವರು ಬಡಗಿ" ಎಂದೆ. ಆಚಾರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಎಡಗೈಯವರು" ಎಂದರಷ್ಟೇ. ಬಾಯಿ ಸವೆದಿದ್ದ ರೀತಿಯಿಂದಲೇ ಹೇಳಿದ್ದರು. ಅಪ್ಪ ಎಡಚರಾಗಿದ್ದುದು ನನ್ನ ಮಗನಿಗೆ ಗೊತ್ತಿರಲಿಲ್ಲ. ಅವನೂ ಎಡಚ.

ಹಿಡಿ ಹಾಕಲು ಮಾತ್ರ ಅವರು ಹಸಿ ಮರ ಮುಟ್ಟಲಿಲ್ಲ. ಮನೆಯಿಂದ ಚೆನ್ನಾಗಿ ಒಣಗಿದ ಒಂದು ಕಟ್ಟಿಗೆ ತರಿಸಿದರು. ಹಸಿ ಹಿಡಿ ಒಣಗಿ ಕುಗ್ಗಿದರೆ ಕಬ್ಬಿಣ ಸಡಿಲವಾಗಿ ಹಾರಿಹೋಗುತ್ತದೆ, ಯಾರ ಹಣೆಗೆ ಬೀಳುತ್ತದೋ. ಕುರ್ಚಿ, ಮಂಚಕ್ಕೆ ಇದೇ ಕುಗ್ಗುವಿಕೆಯನ್ನು ಉಪಕಾರಕ್ಕೆ ಬಳಸಿಕೊಳ್ಳಬಹುದು: ತೂತು ಇರುವ ಕಾಲು ಸ್ವಲ್ಪ ಹಸಿ, ಅದರೊಳಗೆ ಹೋಗುವ ಅಡ್ಡಪಟ್ಟಿ ಪೂರ್ತಿ ಒಣ. ಕಾಲು ಕುಗ್ಗುತ್ತಾ ಪಟ್ಟಿಯನ್ನು ಹಿಡಿದುಕೊಳ್ಳುತ್ತದೆ. ಮೊಳೆ ಬೇಡ, ಅಂಟು ಬೇಡ.

ಸೌಟಿನ ಕೆಲಸ ಹೇಳುವಷ್ಟು ಸುಲಭವಲ್ಲ. ಸೀಳಿದ ಹೋಳಿನ ಮೇಲೆ ಇದ್ದಿಲಿನಿಂದ ಆಕಾರ ಬರೆದು, ಕೊರಡಿನ ಮೇಲಿಟ್ಟು ಬಾಚಿಯಿಂದ ಸವರಬೇಕು. ಆಮೇಲೆ ಚಾಕು. ಚಾಕು ಯಾವಾಗಲೂ ದಪ್ಪದಿಂದ ತೆಳುವಿನ ಕಡೆಗೆ, ದಿಣ್ಣೆಯಿಂದ ತಗ್ಗಿಗೆ ಇಳಿದ ಹಾಗೆ ಹೋಗಬೇಕು. ತಗ್ಗಿನಿಂದ ಏರಿದರೆ ನಾರು ಎದ್ದು ಸಿಬಿರು ಬರುತ್ತದೆ. ಗುಂಡಿಯನ್ನು ತೋಡಲು ಅರ್ಧಚಂದ್ರದ ಬಾಯಿಯ ಉಳಿ. ವಿದೇಶಗಳಲ್ಲಿ ಮರ ಹಿಡಿಯಲು ಕುದುರೆಯಂಥ ಬೆಂಚೊಂದಿರುತ್ತದಂತೆ, ಕಾಲಿನಿಂದ ಒತ್ತಿದರೆ ಕಚ್ಚಿ ಹಿಡಿಯುತ್ತದೆ. ನಮ್ಮ ಆಚಾರಿ ನೆಲದ ಮೇಲೆ ಕೂತು ಎರಡು ಪಾದಗಳ ನಡುವೆ ಹಿಡಿದರು, ಅಷ್ಟೇ. ನಾನು ಹಾಗೆ ಕೂರಲು ಹೋಗಿ ಮೊಣಕಾಲು ಹಿಡಿದುಕೊಂಡು ಎದ್ದೆ. ಬ್ಯಾಂಕಿನ ಕುರ್ಚಿಯ ಫಲ.

ಒಂದು ಎಚ್ಚರಿಕೆ, ತಾಯಂದಿರು ಗಮನಿಸಬೇಕು: ಕಣಗಿಲೆ ಮರದಿಂದ ಅಡುಗೆಯ ಯಾವ ವಸ್ತುವನ್ನೂ ಮಾಡಬಾರದು, ಅದು ವಿಷ. ಬೇವು, ಸೀಬೆ, ಹುಣಸೆ, ಮಾವು ಒಳ್ಳೆಯವು. ಬೇವಿನ ಸೌಟು ಮೊದಲ ಕೆಲವು ದಿನ ಸ್ವಲ್ಪ ಕಹಿ ಬಿಡುತ್ತದೆ.

ಮಗ ಅಪ್ಪನ ಬಾಚಿ ಹಿಡಿದಿದ್ದ. ಮೊದಲ ಅರ್ಧ ಗಂಟೆ ಕೆತ್ತಿದ್ದಕ್ಕಿಂತ ಕೊರಡಿಗೆ ಹೊಡೆದದ್ದೇ ಹೆಚ್ಚು. ಆಮೇಲೆ ಏನಾಯಿತೋ, ಏಟಿನ ಸದ್ದು ಒಂದು ಹದಕ್ಕೆ ಬಂತು. ಆ ಸದ್ದು ನನಗೆ ಗೊತ್ತಿತ್ತು. ಶಾಲೆಯಿಂದ ಬರುವಾಗ ಬೀದಿ ತಿರುವಿನಲ್ಲೇ ಕೇಳಿಸುತ್ತಿದ್ದ ಸದ್ದು. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಪಂಪುಸೆಟ್ಟಿನ ಕಡೆ ಹೋದೆ. ಹಿಂದಿರುಗಿದಾಗ ಅವನೇ ಕೇಳಿದ, "ತಾತ ಗೋದಲಿಯ ಕುರಿಗಳನ್ನೂ ಇದರಲ್ಲೇ ಮಾಡಿದ್ದಾ?" ಫಲಿತಾಂಶ ಬಂದ ಮೇಲೆ ಅವನು ನನಗೆ ಕೇಳಿದ ಮೊದಲ ಪ್ರಶ್ನೆ. ಇಲ್ಲ, ಕುರಿಗಳು ಅಂಗಡಿಯವು, ಕೊಟ್ಟಿಗೆ ಮಾತ್ರ ತಾತನದು ಎಂದೆ. ಅಪ್ಪ ಕುರಿ ಮಾಡಿದ್ದರು ಎಂದು ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಸಾಕಾಗಿತ್ತು.

ಆ ಸಂಜೆ ಅರ್ಜಿಯ ವಿಷಯವನ್ನೂ ಅವನಿಗೆ ಹೇಳಿದೆ. ಅವನು ಚಾಕು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತಾತ ಏನೂ ಅನ್ನಲಿಲ್ವಾ?" ಎಂದ. "ಇಲ್ಲ" ಎಂದೆ. "ನೀವು ನನ್ನ ಮಾರ್ಕ್ಸ್ ಬಗ್ಗೆ ಏನೂ ಅನ್ನದೆ ಇರ್ತೀರಲ್ಲ, ಹಾಗಾ?" ಎಂದ. ಉತ್ತರ ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಫಾದರ್ ತೋಪಿನಲ್ಲೇ ಪೂಜೆ ಅರ್ಪಿಸಿದರು. ಪ್ರಬೋಧನೆ ಚಿಕ್ಕದು. ಶಿಲುಬೆ ಹಾದಿಯ ಎಂಟನೆಯ ಸ್ಥಳದಲ್ಲಿ ಯೇಸು ಜೆರುಸಲೇಮಿನ ಮಹಿಳೆಯರೊಂದಿಗೆ ಮಾತನಾಡುವುದು ನಮಗೆಲ್ಲ ಗೊತ್ತು. ಅಲ್ಲೇ ಲೂಕನ ಪ್ರಕಾರ ಹಸಿಮರ, ಒಣಮರದ ಮಾತು ಬರುತ್ತದೆ. ಹಸಿ ಮರಕ್ಕೇ ಹೀಗಾದರೆ ಒಣಗಿದ್ದಕ್ಕೆ ಏನು ಗತಿ ಎಂಬ ಅರ್ಥದ ಮಾತು. ಸಾಯಲು ಹೋಗುತ್ತಿರುವಾಗಲೂ ಬಡಗಿಯ ಬಾಯಲ್ಲಿ ಬರುವುದು ಮರದ ಮಾತೇ ಎಂದರು ಫಾದರ್. ಹಿಂದೆ ಬೇವಿನ ನೆರಳಿನಲ್ಲಿ ಕುಳಿತಿದ್ದ ಆಚಾರಿ ತಲೆಯಾಡಿಸಿದರು.

ಅವರ ಇಬ್ಬರು ಗಂಡುಮಕ್ಕಳೂ ಈ ಕಸುಬಿನಲ್ಲಿಲ್ಲ. ಒಬ್ಬ ತಿರುಪ್ಪೂರಿನ ಬನಿಯನ್ ಕಾರ್ಖಾನೆ, ಇನ್ನೊಬ್ಬ ಲಾರಿ. ತಪ್ಪು ಅವರದಲ್ಲ. ಬಾಗಿಲಿನ ಕೆತ್ತನೆಯನ್ನು ಕಂಪ್ಯೂಟರ್ ಯಂತ್ರ ಒಂದು ಮಧ್ಯಾಹ್ನದಲ್ಲಿ ಕೊರೆದು ಕೊಡುತ್ತದೆ, ಉಳಿದದ್ದು ಪ್ಲೈವುಡ್ಡು. ನಮ್ಮ ಚರ್ಚುಗಳ ಗೋದಲಿಗಳೂ ಫೈಬರಿನವು, ಪ್ಲಾಸ್ಟರಿನವು. ಒಂದು ಕಾಲದಲ್ಲಿ ಹೀಗಿರಲಿಲ್ಲ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಯೇಸುಸಭೆಯ ಗುರುಗಳ ಕಾಲದಲ್ಲಿ ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರ ಬೆಳೆಯಿತು. ಅಲ್ಲಿ ಕೆಲಸ ಕಲಿತವರು ಮಾಡಿದ ಪೀಠಗಳೂ ಮರದ ಪ್ರತಿಮೆಗಳೂ ಚರ್ಚುಗಳಿಗೆ ಹೋಗುತ್ತಿದ್ದವು. ಈಗಲೂ ದಾರಿಯಿಲ್ಲ ಎನ್ನಲಾರೆ. ಐಟಿಐಗಳಲ್ಲಿ ಮರಗೆಲಸದ ತರಬೇತಿ ಇದೆ. ಕಾರ್ಕಳದ ಬಳಿ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಸರೆಯಿಂದ ಹುಟ್ಟಿದ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಮರ, ಕಲ್ಲಿನ ಕೆತ್ತನೆ ಕಲಿಸಿ ಎಷ್ಟೋ ಹುಡುಗರನ್ನು ಹೊರತಂದಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವಿದೆ. ಇದೆಲ್ಲ ಸರಿ. ಹೆಣ್ಣು ಕೊಡುವವರು ಎಲ್ಲಿ ಎಂಬ ಪ್ರಶ್ನೆಗೆ ಯಾವ ಯೋಜನೆಯಲ್ಲೂ ಉತ್ತರವಿಲ್ಲ.

ಹೊರಡುವಾಗ ಆಚಾರಿ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸಿದರು: ಸೌಟನ್ನು ಅದರದೇ ಚಕ್ಕೆಗಳ ಜೊತೆ ಕಾಗದದಲ್ಲಿ ಸುತ್ತಿ, ಗಾಳಿ ಬಿಸಿಲು ತಾಗದ ಮೂಲೆಯಲ್ಲಿ ಮೂರು ವಾರ ಇಡಿ. ಆತುರ ಬೇಡ. ದಿನಾ ತೂಕ ಮಾಡಿ, ತೂಕ ಇಳಿಯುವುದು ನಿಂತ ಮೇಲೆ ನುಣುಪು ಮಾಡಿ ಎಣ್ಣೆ ಹಚ್ಚಿ. ನನ್ನ ಹೆಂಡತಿಗೆ ಬೇಗ ತೋರಿಸುವ ಹುಮ್ಮಸ್ಸಿನಲ್ಲಿ ನಾನು ನನ್ನದನ್ನು ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಗುಂಡಿಯಿಂದ ಹಿಡಿಯವರೆಗೆ ಬಾಯಿ ಬಿಟ್ಟಿತ್ತು. ಸಾಂಬಾರು ಬಡಿಸಿದರೆ ಅರ್ಧ ದಾರಿಯಲ್ಲೇ ಸೋರುತ್ತದೆ. ಅವಳು ಅದನ್ನು ಎಸೆಯಲು ಬಿಡದೆ ಉಪ್ಪಿನ ಜಾಡಿಯಲ್ಲಿ ಹಾಕಿದ್ದಾಳೆ.

ಮಗನ ಸೌಟು ಚಕ್ಕೆಯೊಳಗೆ ಇಪ್ಪತ್ಮೂರು ದಿನ ಮಲಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದ. ಹಿಡಿ ಸ್ವಲ್ಪ ಸೊಟ್ಟಗಾಗಿದೆ, ಬಿರುಕಿಲ್ಲ. ಈಗ ಅವನು ಡಿಪ್ಲೊಮಾಗೆ ಸೇರಿದ್ದಾನೆ, ಬಡಗಿಯಾಗುತ್ತೇನೆ ಎಂದೇನೂ ಹೇಳಿಲ್ಲ. ನಾನೂ ಕೇಳಿಲ್ಲ. ಪ್ರವೇಶದ ಅರ್ಜಿ ತುಂಬುವಾಗ 'ತಂದೆಯ ಉದ್ಯೋಗ' ಬಂದಾಗ ನನ್ನ ಕಡೆ ನೋಡಿ ನಕ್ಕ.

ಮೊನ್ನೆಯ ಗಾಳಿಮಳೆಗೆ ಹಿತ್ತಲ ಸೀಬೆಯ ದೊಡ್ಡ ಕೊಂಬೆ ಮುರಿದುಬಿತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದನ್ನು ತುಂಡು ಮಾಡಿ, ಎರಡೂ ತುದಿಗೆ ಪಕ್ಕದ ಮನೆಯಿಂದ ಸಗಣಿ ತಂದು ಮೆತ್ತಿ ನೆರಳಿಗೆ ಇಟ್ಟಿದ್ದ. ಕ್ರಿಸ್ತಜಯಂತಿಯ ಗೋದಲಿಗೆ ಕುರಿ ಮಾಡುತ್ತಾನಂತೆ. ಒಂದು ಮಾಡಿದ್ದಾನೆ. ಅವನ ತಾಯಿ ಅದನ್ನು ನೋಡಿ ನಾಯಿ ಎಂದಳು.